ಬಚ್ಚಲ ಕೊಳವೆಯೊಳಗಿನ ಅತ್ತೆ

ಆಣೆ ಮಾಡಿ ಹೇಳ್ತೀನಿ, ನಡೆದದ್ದೇ ಇದು. ಸುಳ್ಳಾದ್ರೆ ನನ್ನ ನಾಲಗೆ ಬಿದ್ದುಹೋಗ್ಲಿ. ಹೋದ ವರ್ಷ ಬಿದ್ದದ್ದು ಈಗಷ್ಟೇ ಚಿಗುರಿದೆ.

ಒಬ್ಬಳು ದರ್ಜಿಯಮ್ಮ. ಅತ್ತೆ ಸತ್ತು ತಿಂಗಳಾಗಿತ್ತು. ಇದ್ದಷ್ಟು ದಿನ ಇಬ್ಬರದೂ ಹಾವು ಮುಂಗುಸಿ ಸಂಬಂಧ. ಒಂದಿನ ಬಟ್ಟೆ ಒಗೀತಾ ಕೂತವಳಿಗೆ ಬಚ್ಚಲ ತೂತಿನಿಂದ ಗೊಣಗಾಟ ಕೇಳಿಸ್ತು. ಗುಳುಗುಳು, ಗುಳುಗುಳು. ಥೇಟು ಅತ್ತೇನೇ! "ಎಷ್ಟು ಸೋಪು ಸುರೀತೀಯೇ, ದರಿದ್ರದೋಳೆ" ಅಂದ ಹಾಗೆ.

"ಸತ್ತ ಮೇಲಾದ್ರೂ ಸುಮ್ನಿರಬಾರದಾ ಮುದುಕಿ?" ಅಂತ ಬಚ್ಚಲು ತೊಳೆಯೋ ಆಸಿಡ್ ಸುರಿದಳು. ನಿಲ್ಲಲಿಲ್ಲ, ರಾತ್ರಿ ನಿದ್ದೆಗೂ ಬಿಡಲಿಲ್ಲ. ಬಾಟಲಿ ಮೇಲೆ ಬಾಟಲಿ ಸುರಿದಳು. ಕೊನೆಗೊಂದು ಬೆಳಗ್ಗೆ ಎಲ್ಲಾ ತಣ್ಣಗಾಯ್ತು.

ಆದ್ರೆ ಆ ಮೌನ ಇದೆಯಲ್ಲ, ಗೊಣಗಾಟಕ್ಕಿಂತ ಭಯಂಕರ. ಹೊಲಿಗೆ ಮಿಷಿನ್ ತುಳಿಯೋವಾಗ ಯಾರೋ ಬಾಯಿ ಮುಚ್ಕೊಂಡು ಬೆನ್ನ ಹಿಂದೆ ನಿಂತ ಹಾಗೆ. ಅಷ್ಟರಲ್ಲಿ ಕೆರೇಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ್ವು. ಹಿತ್ತಲಲ್ಲಿ ಅತ್ತೆ ನೆಟ್ಟ ಕುಂಬಳದ ಬಳ್ಳಿ ಕರಕಾಯ್ತು. ಅತ್ತೆಯದು ಅಂತ ಉಳಿದಿದ್ದು ಅದೊಂದೇ.

ಕೊಳೆ ನೀರಿನ ತೊಟ್ಟಿ ನೋಡ್ಕೊಳ್ಳೋ, ಸದಾ ರಬ್ಬರ್ ಬೂಟಲ್ಲೇ ಇರೋ ಬೂಟಜ್ಜನ ಹತ್ರ ಓಡಿದಳು. ಅವಳಿದ್ದ ಇಡೀ ಕಟ್ಟಡದ ಬಚ್ಚಲ ನೀರು ಅವನ ತೊಟ್ಟೀಲಿ ತಿಳಿಯಾಗಿ ಹಿತ್ತಲಿಗೂ ಕೆರೆಗೂ ಹೋಗೋದು.

"ಯಾರೋ ವಿಷ ಹಾಕಿದಾರೆ ತಾಯಿ. ಕೊಳೆ ತಿನ್ನೋ ಹುಳ, ಕಣ್ಣಿಗೂ ಕಾಣದವು, ಪಾಪ, ಎಲ್ಲಾ ಸತ್ವು. ಇನ್ನು ಯಾರಿಗೆ ಗಾಳಿ ಊದಲಿ? ಅವು ಉಸಿರಾಡೋಕೆ ತೊಟ್ಟಿಗೆ ಗಾಳಿ ಊದೋ ಮಿಷಿನ್ ನಿಲ್ಲಿಸಿದೀನಿ."

"ಹಾಗಾದ್ರೆ ಆ ಗುಳುಗುಳು?"

"ಅದೇ ಮಿಷಿನ್ನು. ಸದ್ದು ಕೊಳವೆ ಹತ್ತಿ ನಿಮ್ಮನೆವರೆಗೂ ಬರ್ತಿತ್ತು."

ದರ್ಜಿಯಮ್ಮನಿಗೆ ಎಲ್ಲಿಲ್ಲದ ಸಿಟ್ಟು. "ಹೂಂ, ನಾನೇ ಹಾಕಿದ್ದು! ಹುಳಕ್ಕೆ ಇಷ್ಟು ಅಳ್ತೀಯಲ್ಲ ಅಜ್ಜ, ನನ್ನ ನಿದ್ದೆ ಹೋದದ್ದಕ್ಕೆ ಯಾರು ಅಳೋರು?"

"ಈಗ ಬಂತಾ ನಿದ್ದೆ?"

ಅವಳು ಹಿತ್ತಲ ಕಡೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ, "ಬಳ್ಳಿ ಬೇರು ಇನ್ನೂ ಹಸಿ ಇದೆ. ಏನು ಮಾಡ್ಲಿ ಹೇಳು" ಅಂದಳು.

"ಆಚೆ ಬೀದಿ ತೊಟ್ಟೀಲಿ ಜೀವ ಇರೋ ಕೆಸರಿದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ತಂದು ಹಾಕ್ಬೇಕು. ನನ್ನ ಸೊಂಟ ಕೇಳಲ್ಲಮ್ಮ."

ಬಕೆಟ್ ತಗೊಂಡು ಹೊರಟೇಬಿಟ್ಟಳು. ವಾಪಸ್ ಬರೋವಾಗ ಆ ನಾತಕ್ಕೆ ಕಾಗೆಗಳೇ ಮೂಗು ಮುಚ್ಕೊಂಡ್ವು. ಬೀದಿ ಹೆಂಗಸರೆಲ್ಲ ಹೊರಗೆ ಬಂದು, "ಏನ್ರೀ ಅದು ಬಕೆಟ್ಟಲ್ಲಿ?" ಅಂದ್ರು.

"ನಮ್ಮತ್ತೆ. ದಾರಿ ಬಿಡ್ರಿ."

ಸಂಜೆವರೆಗೂ ಹೊತ್ತಳು.

ಕೇಳಿದ್ರಲ್ಲ, ಈಗ ಒಂದು ಲೋಟ ಚಹಾ ಕೊಡಿ. ಲೋಟ ನಾನೇ ನಿಮ್ಮ ಬಚ್ಚಲಲ್ಲಿ ತೊಳೆದಿಡ್ತೀನಿ. ಅಲ್ಲಿ ಏನೇನು ಬಾಟಲಿ ಬಚ್ಚಿಟ್ಟಿದ್ದೀರಿ ಅಂತ ನಾನೂ ನೋಡ್ಬೇಕಲ್ಲ!