ಲಮಾಂಟ್‌ನನ್ನು ಕೂರಿಸಿದ ದಿನ

ಮೂರು ಗಂಟೆಗೆ ಗಡುವು. ಆಮೇಲೆ ಈ ವರ್ಷ ಯಾವ ಬ್ಯಾಸ್ಕೆಟ್‌ಬಾಲ್ ತಂಡವೂ ಆಟಗಾರರನ್ನು ಅದಲುಬದಲು ಮಾಡುವಂತಿಲ್ಲ. ಟೊಲೆಡೊ ತಂಡದ ಉಪ ಮ್ಯಾನೇಜರ್ ರೆನಾಟಾ ಹ್ಲಾವಾಚ್ ಬೆಳಿಗ್ಗೆಯಿಂದ ಬಿಳಿ ಹಲಗೆಯ ಮುಂದೆ ನಿಂತೇ ಇದ್ದಳು. ತರಿಸಿದ್ದ ಸ್ಯಾಂಡ್‌ವಿಚ್ ಒಣಗುತ್ತಿತ್ತು.

ಹಲಗೆಯ ಮೇಲೆ ಮೂರು ಊರು, ಮೂರು ಬಾಣ. ಟೊಲೆಡೊದ ಲಮಾಂಟ್ ಬ್ರಾಕ್ಸ್‌ಲಿ ಒಮಾಹಾಕ್ಕೆ. ಒಮಾಹಾದ ಇಬ್ಬರು ಎಳೆಯರು ಟ್ಯಾಂಪಾಕ್ಕೆ. ಟ್ಯಾಂಪಾದ ಏಳಡಿ ದೈತ್ಯ ವರ್ಹುಲ್ಸ್ಟ್ ಟೊಲೆಡೊಗೆ. ನೋಡಿದರೆ ಮೂವರಿಗೂ ಲಾಭ. ಹಾಗಿದ್ದರೆ ಯಾರಿಗೋ ಟೋಪಿ ಬೀಳುತ್ತಿದೆ ಎಂದೇ ಅರ್ಥ. ಯಾರಿಗೆ ಎಂಬುದಷ್ಟೇ ಪ್ರಶ್ನೆ.

ಲಮಾಂಟ್ ಅವಳೇ ಆರಿಸಿ ತಂದವನು. ಮಿಸಿಸಿಪ್ಪಿಯ ಯಾರೂ ಹೆಸರು ಕೇಳದ ಕಾಲೇಜಿನ ಹುಡುಗ ಎಂದು ಆಗ ಎಲ್ಲರೂ ನಕ್ಕಿದ್ದರು. ಅವನನ್ನು ಕಳಿಸಲು ಅವಳಿಗೆ ಮನಸ್ಸಿರಲಿಲ್ಲ. ಆ ಮನಸ್ಸಿಗೆ ಸೋಲಬಾರದೆಂದು ಹಟ ಹಿಡಿದು, ಬೆಳಿಗ್ಗೆಯೇ ಕೋಚ್‌ಗೆ ಫೋನ್ ಮಾಡಿ, ಅವನನ್ನು ಅಭ್ಯಾಸಕ್ಕೆ ಇಳಿಸದೆ ಕೂರಿಸಿ ಎಂದಿದ್ದಳು. ಕಳಿಸುವ ಆಟಗಾರನ ಕಾಲು ಉಳುಕಬಾರದೆಂದು ಹಾಗೆ ಕೂರಿಸುವುದು ವಾಡಿಕೆ, ಆದರೆ ಅದು ವ್ಯವಹಾರ ಕುದುರಿದ ಮೇಲೆ. ಕೂರಿಸಿದರೆ ಏನರ್ಥ ಎಂದು ನೆಲ ಒರೆಸುವವರಿಗೂ ಗೊತ್ತು.

"ಇನ್ನೂ ಎಷ್ಟು ಹೊತ್ತು ಆ ಹಲಗೆ ನೋಡ್ತೀಯಾ?" ಮ್ಯಾನೇಜರ್ ವರ್ನನ್ ಟಟಲ್ ಒಳಗೆ ನುಗ್ಗಿದ. "ಒಮಾಹಾದವ್ರು ಲೈನಲ್ಲೇ ಕಾಯ್ತಿದ್ದಾರೆ."

"ಟ್ಯಾಂಪಾದವ್ರು ಅಂಥ ಆಳನ್ನ ಯಾಕೆ ಬಿಡ್ತಿದ್ದಾರೆ, ವರ್ನನ್? ಇಬ್ಬರು ಮೀಸೆ ಬರದ ಹುಡುಗರಿಗೋಸ್ಕರ?"

"ಅವರಿಗೆ ತಲೆ ಕೆಟ್ಟಿದೆ, ನಮಗೇನು? ಡಾಕ್ಟರ್ ವರದಿ ಸರಿಯಾಗೇ ಇದೆಯಲ್ಲ. ಬೇಸಿಗೇಲಿ ನಿನ್ನ ಮುದ್ದಿನ ಹುಡುಗನ ಒಪ್ಪಂದ ಮುಗಿಯತ್ತೆ. ಅವನು ಬಿಟ್ಟು ಹೋದ್ರೆ ನಮ್ಮ ಕೈಗೆ ಚಿಪ್ಪು."

"ನಾನಿರೋವರೆಗೂ ಲಮಾಂಟ್ ತಾನಾಗಿ ಬಿಟ್ಟು ಹೋಗಲ್ಲ."

"ನೋಡಿದ್ಯಾ? ಲೆಕ್ಕ ಅಲ್ಲ ಇದು, ಮಮತೆ."

ಮಾತು ನಾಟಿತು. ಅವಳು ಟ್ಯಾಂಪಾದ ಇತ್ತೀಚಿನ ಪಂದ್ಯಗಳ ವಿಡಿಯೊ ಮತ್ತೆ ಹಾಕಿದಳು. ಈ ಸಲ ಆಟ ನೋಡಲಿಲ್ಲ, ವಿರಾಮ ನೋಡಿದಳು. ಉಳಿದವರೆಲ್ಲ ಕುರ್ಚಿಗೆ ಬೀಳುತ್ತಿದ್ದರು, ದೈತ್ಯ ನಿಂತಿದ್ದ. ಮುಂದಿನ ಪಂದ್ಯದಲ್ಲೂ ನಿಂತಿದ್ದ. ಋತುವಿನ ಮೊದಲ ಪಂದ್ಯ ಹಾಕಿದಳು: ಕಾಲು ಚಾಚಿ ಆರಾಮಾಗಿ ಕೂತಿದ್ದ.

"ಬೆನ್ನು," ಎಂದಳು. "ಕೂತರೆ ಏಳೋಕಾಗ್ತಿಲ್ಲ ಅವನಿಗೆ."

ವರ್ನನ್ ಟ್ಯಾಂಪಾಕ್ಕೆ ಫೋನ್ ಹಚ್ಚಿ, ಬೆನ್ನಿನ ಹೊಸ ಸ್ಕ್ಯಾನ್ ಕಳಿಸಿ ಎಂದ. ಆ ಕಡೆ ಯಾರೋ ಕೆಮ್ಮಿದರು. ಅದಕ್ಕೆಲ್ಲ ಈಗ ಸಮಯ ಇಲ್ಲ ಎಂದರು. ವರ್ನನ್ ಫೋನ್ ಕುಕ್ಕಿ ಬಾಯಿಗೆ ಬಂದದ್ದು ಬೈದ. ಅದಲುಬದಲು ಆಗದೆಯೇ ಗಡುವು ದಾಟಿತು.

ರೆನಾಟಾ ಮೆಟ್ಟಿಲಿಳಿದು ಓಡಿದಳು. ಆಟಗಾರರ ಕೋಣೆಯಲ್ಲಿ ಲಮಾಂಟ್ ಒಬ್ಬನೇ ಇದ್ದ. ಅವನ ಬೀರು ಖಾಲಿ, ಚೀಲ ತುಂಬಿತ್ತು.

"ನೀನು ಎಲ್ಲೂ ಹೋಗ್ತಿಲ್ಲ ಕಣೋ! ನಾನೇ ಬೇಡ ಅಂದೆ!"

"ಥ್ಯಾಂಕ್ಸ್, ಮಿಸ್ ರೆನಾಟಾ." ಅವನು ಏಳಲಿಲ್ಲ. "ಬೆಳಿಗ್ಗೆ ಎಲ್ರೂ ತಬ್ಬಿಕೊಂಡು ಬೀಳ್ಕೊಟ್ರು. ಕೋಚ್ ಅಂತೂ ಅತ್ತೇಬಿಟ್ರು. ಕೂರಿಸಿ ಅಂತ ಯಾರು ಹೇಳಿದ್ದು ಅಂತ ಅವರನ್ನ ಕೇಳ್ದೆ."

ರೆನಾಟಾ ಒಪ್ಪಿಕೊಂಡಳು. "ನಾನೇ."

"ಅವ್ರೂ ಅದನ್ನೇ ಅಂದ್ರು. ನೀವಿರೋವರೆಗೂ ನನ್ನನ್ನ ಯಾರೂ ಮುಟ್ಟಲ್ಲ ಅಂದ್ಕೊಂಡಿದ್ದೆ." ಚೀಲದಿಂದ ಶೂ ತೆಗೆದು ನೆಲಕ್ಕಿಟ್ಟ. "ಬೇಸಿಗೇವರ್ಗೂ ಮೈ ಮುರಿದು ಆಡ್ತೀನಿ. ಆಮೇಲೆ ಒಮಾಹಾಕ್ಕೆ ನಾನೇ ಹೋಗ್ತೀನಿ. ನಾನು ಬೇಕು ಅಂದ್ರಲ್ಲ ಅವ್ರು."

ಅವನು ಬಗ್ಗಿ ಲೇಸು ಕಟ್ಟತೊಡಗಿದ. ರೆನಾಟಾ ಬಾಗಿಲಲ್ಲೇ ನಿಂತಿದ್ದಳು. ಕೂತ್ಕೊಳ್ಳಿ ಎಂದು ಅವನು ಹೇಳಲಿಲ್ಲ.