ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಬೇಕರಿಯವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹಾಗಾಗಿ ಕರುಳಿನ ಡಾಕ್ಟರಮ್ಮ ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದು, "ನಿಮ್ಮ ಯಜಮಾನ್ರು ಕಾಳು, ಬೀಜ ಏನೂ ಮುಟ್ಟಿಲ್ಲ ಅಂದ್ರಲ್ಲ, ನಿಜಾನಾ?" ಎಂದು ಕೇಳಿದಾಗ ಅವನ ಹೆಂಡತಿ ಧೈರ್ಯವಾಗಿಯೇ ತಲೆಯಾಡಿಸಿದಳು.

"ನಿಜ ಮೇಡಂ. ನಿನ್ನೆಯಂತೂ ಬರೀ ನೀರು, ತಿಳಿ ಸೂಪು, ನೀವು ಕೊಟ್ಟ ಭೇದಿ ಔಷಧಿ."

"ಹಾಗಾದ್ರೆ ಒಳಗೆ ಎಳ್ಳು ಬಿತ್ತಿದೋರು ಯಾರು?"

ಕ್ಯಾಮೆರಾದ ಕೊಳವೆಯನ್ನು ಕರುಳಿನೊಳಗೆ ಇಳಿಸಿದರೆ ಗೋಡೆಯುದ್ದಕ್ಕೂ ಎಳ್ಳು ಅಂಟಿಕೊಂಡಿತ್ತಂತೆ. ನೀರು ಹಾಯಿಸಿ ತೊಳೆಯಲು ಹೋದರೆ ಹೀರುವ ದಾರಿಯೇ ಕಟ್ಟಿಕೊಂಡಿತು. ಅರ್ಧ ಭಾಗ ಸರಿಯಾಗಿ ಕಾಣಲಿಲ್ಲ. ಮತ್ತೊಮ್ಮೆ ಬರಬೇಕು.

ಹೆಂಡತಿಗೆ ನಗು ಬರಲಿಲ್ಲ. ಬೇಕರಿಯವನ ದೊಡ್ಡಣ್ಣನಿಗೆ ಹೋದ ವರ್ಷ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದದ್ದು ರಕ್ತ ಹೋಗಿ, ಮೈ ಇಳಿದ ಮೇಲೆ. ಆಪರೇಷನ್ ಆಗಿ, ಕಷ್ಟದಿಂದ ಚೇತರಿಸಿಕೊಂಡಿದ್ದ. ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ನೋವು ಗೀವು ಬರಲಿ ಎಂದು ಕಾಯಬಾರದು ಎಂದು ಆಗಲೇ ಡಾಕ್ಟರಮ್ಮ ಹೇಳಿದ್ದರು. ಆ ಎಳ್ಳಿನ ಹಿಂದೆ ಏನಾದರೂ ಅಡಗಿ ಕೂತಿದ್ದರೆ?

ಅರಿವಳಿಕೆಯ ಮತ್ತು ಇಳಿದು ಗಂಡ ಕಣ್ಣು ಬಿಟ್ಟ ಕೂಡಲೇ ಕೇಳಿದಳು, "ಏನ್ರೀ ತಿಂದ್ರಿ?"

"ಏನೂ ಇಲ್ಲ ಕಣೇ, ನಿನ್ನಾಣೆ."

"ಎಳ್ಳಿನ ಬನ್ನು?"

"ಅದಾ? ಅದು ರುಚಿ ನೋಡಿದ್ದು!"

ಒಲೆಯಿಂದ ತಟ್ಟೆ ಹೊರಬಂದರೆ ಮೊದಲ ಬನ್ನಿನ ಒಂದು ತುಣುಕು ಅವನ ಬಾಯಿಗೆ ಹೋಗುತ್ತಿತ್ತು. ದಿನವಿಡೀ ತಟ್ಟೆಗಳು ಬರುತ್ತಿದ್ದವು. ಬೇಕರಿ ಶುರುವಾದಾಗಿನಿಂದ ನಡೆದು ಬಂದ ಕೆಲಸ ಅದು. ದರ್ಜಿ ಹಲ್ಲಿನಲ್ಲಿ ದಾರ ಕಡಿದರೆ ಅದನ್ನು ಊಟ ಎನ್ನುತ್ತಾರೆಯೇ?

"ಕರುಳಿಗೆ ನಿಮ್ಮ ಕಸುಬು ಗೊತ್ತಾಗಲ್ಲ ಯಜಮಾನ್ರೇ," ಎಂದರು ಡಾಕ್ಟರಮ್ಮ. "ನೀವು ನುಂಗಿದ್ದೆಲ್ಲ ಅದಕ್ಕೆ ಊಟಾನೇ."

ಎರಡನೆಯ ಸಲ ಹೆಂಡತಿ ಅವನ ಮಾತನ್ನು ನಂಬಲು ಹೋಗಲಿಲ್ಲ. ಹಿಟ್ಟು ಮುಚ್ಚುವ ಬಿಳಿ ಬಟ್ಟೆಯೊಂದನ್ನು ಮಡಚಿ ಗಂಡನ ಬಾಯಿಗೆ ಅಡ್ಡ ಕಟ್ಟಿ, ಹಿಂದೆ ಎರಡು ಗಂಟು ಬಿಗಿದಳು. ಊಟ, ನೀರು ಬೇಕಾದರೆ ಕೇಳಿ ಬಿಚ್ಚಿಸಿಕೊಳ್ಳಬೇಕು. ತಟ್ಟೆ ಬಂದಾಗಲೆಲ್ಲ ಅವನ ಕೈ ತಾನಾಗಿಯೇ ತುಣುಕು ಮುರಿದು ಮೇಲೇರುತ್ತಿತ್ತು. ಬಟ್ಟೆಗೆ ತಾಗಿ, ಪೆಚ್ಚಾಗಿ ಇಳಿಯುತ್ತಿತ್ತು. ಪರೀಕ್ಷೆಯ ದಿನ ಹತ್ತಿರ ಬರುವಷ್ಟರಲ್ಲಿ ಬಟ್ಟೆಯ ಮೇಲೆ ಎಳ್ಳಿನದೇ ಒಂದು ಮೀಸೆ ಮೂಡಿತ್ತು.

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅವನ ತಂಗಿಗೆ ಸುಗ್ಗಿಯೋ ಸುಗ್ಗಿ. "ಅತ್ತಿಗೆ, ಕಣದ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿದ ಹಾಗಿದೆ! ಅಣ್ಣ, ಒಂದು ಸಲ ಅಂಬಾ ಅನ್ನೋ!"

ಬಟ್ಟೆಯೊಳಗಿನಿಂದ ಬಂದ ಬೈಗುಳ ಯಾರಿಗೂ ತಿಳಿಯಲಿಲ್ಲ. ರುಚಿ ನೋಡುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಉಪ್ಪು ಒಂದು ದಿನ ಹೆಚ್ಚು, ಮರುದಿನ ಕಡಿಮೆ. ಗಿರಾಕಿಗಳು ಗೊಣಗಿದರು.

ಈ ಸಲ ಕರುಳು ತೊಳೆದಿಟ್ಟ ತಟ್ಟೆಯಂತಿತ್ತು. ಹೋದ ಸಲ ಕಾಣದೇ ಉಳಿದಿದ್ದ ತಿರುವಿನಲ್ಲಿ ಕಡಲೆ ಗಾತ್ರದ ಒಂದು ಗಂಟು. ಡಾಕ್ಟರಮ್ಮ ಅಲ್ಲೇ, ಅದೇ ಕೊಳವೆಯಲ್ಲಿ ತಂತಿಯ ಕುಣಿಕೆ ಹಾಕಿ ತೆಗೆದು ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಹೆಂಡತಿ ಬನ್ನಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಬಟ್ಟೆ ಬಿಚ್ಚಿದ್ದರೂ ಬೇಕರಿಯವನು ಬನ್ನು ಮುಟ್ಟುತ್ತಿರಲಿಲ್ಲ.

ಕೊನೆಗೆ ಫೋನು ಬಂತು. ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು. ಕೆಲವು ವರ್ಷ ಬಿಟ್ಟು ಮತ್ತೆ ತೋರಿಸಿದರೆ ಸಾಕು.

ಹೆಂಡತಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಬೇಕರಿಯವನು ಬಿಸಿ ತಟ್ಟೆಯಿಂದ ಒಂದು ತುಣುಕು ಮುರಿದು, ಕಣ್ಣು ಮುಚ್ಚಿ ಅಗಿದ.

"ಉಪ್ಪು ಜಾಸ್ತಿಯಾಯ್ತು ಕಣೇ."

"ಆಗಲಿ ಬಿಡಿ!"

ಆಮೇಲೆ ಅವನು ಒಗೆದಿಟ್ಟ ಬಟ್ಟೆಯನ್ನು ತಂದು ಗಲ್ಲಾಪೆಟ್ಟಿಗೆಯ ಮೇಲೆ, ತಂಗಿಯ ಮುಂದೆ ಹರವಿದ.

"ಇದ್ಯಾಕಣ್ಣ?"

"ಒಡಹುಟ್ಟಿದವ್ರು ಅಂದ್ರೆ ನಾನೊಬ್ಬನೇನಾ? ಮುಂದಿನ ವಾರ ನಿನ್ನ ಪರೀಕ್ಷೆ. ನಿಮ್ಮತ್ತಿಗೆ ಆಗ್ಲೇ ಡಾಕ್ಟರಮ್ಮನ ಹತ್ರ ಮಾತಾಡಿದಾಳೆ."

"ನಂಗ್ಯಾಕೆ ಕುಕ್ಕೆ? ನಾನೇನೂ ತಿನ್ನಲ್ಲಪ್ಪ," ಎಂದಳು ತಂಗಿ, ಬನ್ನು ಕಟ್ಟುವ ಕಾಗದದ ಮೇಲೆ ಉದುರಿದ್ದ ಎಳ್ಳನ್ನು ಬೆರಳಿಗೆ ಒತ್ತಿ ಬಾಯಿಗೆ ಹಾಕಿಕೊಳ್ಳುತ್ತಾ. "ಅಬ್ಬಬ್ಬಾ ಅಂದ್ರೆ ಉದುರಿದ್ದು ಆಯ್ಕೋತೀನಿ, ಅಷ್ಟೇ."

ಗಂಡ ಹೆಂಡಿರು ಮುಖ ಮುಖ ನೋಡಿಕೊಂಡರು. ಹೆಂಡತಿ ಬಟ್ಟೆಯನ್ನು ಕೈಗೆತ್ತಿಕೊಂಡಳು.