ಬ್ರೆಡ್ ಮಾವನ ಮೂಗು ಹೇಳಿದ ನಿಜ

ಒಂದು ಬೀದಿಯ ಕೊನೆಯಲ್ಲಿ ಒಂದು ಒಲೆ ಇತ್ತು. ಅದಕ್ಕೆ ಬಾಯಿ ಇತ್ತು, ಹೊಟ್ಟೆ ಇತ್ತು, ಹೊಗೆ ಬಿಡುವ ಉದ್ದನೆಯ ಕತ್ತು ಇತ್ತು. ಗಡಿಯಾರ ಮಾತ್ರ ಇರಲಿಲ್ಲ. ಬ್ರೆಡ್ ಬೆಂದಿತೋ ಇಲ್ಲವೋ ಎಂದು ಹೇಳಲು ಆ ಒಲೆಗೆ ಒಂದು ಮೂಗು ಬೇಕಾಗಿತ್ತು. ಆ ಮೂಗು ಬೇಕರಿಯ ಯಜಮಾನರದು. ಬೀದಿಯವರೆಲ್ಲ ಅವರನ್ನು ಬ್ರೆಡ್ ಮಾವ ಎಂದು ಕರೆಯುತ್ತಿದ್ದರು.

ಮಾವ ಹಿಟ್ಟು ನಾದುತ್ತಲೋ ಗಿರಾಕಿಗಳ ಜೊತೆ ಹರಟುತ್ತಲೋ ಇರುವರು. ಮಾತಿನ ನಡುವೆ ಥಟ್ಟನೆ ನಿಂತು ಮೂಗರಳಿಸುವರು. “ಬಂತು!” ಎನ್ನುವರು. ಉದ್ದ ಹಿಡಿಯ ಮರದ ಹಲಗೆ ಒಲೆಯೊಳಗೆ ಹೋಗಿ ಬಂದರೆ ಅದರ ಮೇಲೆ ಹೊಂಬಣ್ಣದ ಬ್ರೆಡ್ಡುಗಳು ಸಾಲಾಗಿ ಕುಳಿತಿರುತ್ತಿದ್ದವು. ಮೂವತ್ತು ವರ್ಷದಲ್ಲಿ ಒಂದೂ ಸೀದಿರಲಿಲ್ಲ.

“ನಿಮ್ಮ ಮೂಗಿಗೆ ಬೇರೆ ಸಂಬಳ ಕೊಡ್ಬೇಕು ರೀ,” ಎಂದು ಅವರ ಹೆಂಡತಿ ಗೇಲಿ ಮಾಡುತ್ತಿದ್ದರು. ಗಂಡ ಬ್ರೆಡ್ ಮಾವನಾದ ಮೇಲೆ ಹೆಂಡತಿ ಬೀದಿಗೆಲ್ಲ ಅತ್ತೆ.

ಆ ವರ್ಷ ಲೋಕದ ತುಂಬ ಉಸಿರಿನ ರೋಗ ಹಬ್ಬಿತ್ತು. ಅಂಗಡಿಗಳ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳು, ಮುಖದ ಮೇಲೆ ಬಟ್ಟೆ, ಕೈಯಲ್ಲಿ ಸಾಬೂನಿನ ವಾಸನೆ. ಅಂಥ ಕಾಲದಲ್ಲೇ ಮಾವನ ಪಿತ್ತಕೋಶದಲ್ಲಿ ಕಲ್ಲಾಯಿತು. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು. ಎಣ್ಣೆ, ಬೆಣ್ಣೆ ಮುಟ್ಟುವ ಹಾಗಿಲ್ಲ. “ಬೆಣ್ಣೆ ಬಿಸ್ಕತ್ತು ಮಾರೋನಿಗೆ ಬೆಣ್ಣೆ ವಿಷ ಆಯ್ತಲ್ಲ!” ಎಂದು ಮಾವ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು.

ರೋಗದ ಗದ್ದಲದಲ್ಲಿ ಆಪರೇಷನ್ ಎರಡು ಸಲ ಮುಂದೆ ಹೋಯಿತು. ಮೂರನೆಯ ಸಲ, ಬರುವ ಸೋಮವಾರ ಎಂದು ಗೊತ್ತಾಯಿತು. ಮಾವನಿಗೆ ಆ ಸೋಮವಾರ ಕೈತಪ್ಪಬಾರದಿತ್ತು. ಎರಡು ಬೀದಿ ಆಚೆ ಇದ್ದ ಮಗಳು ಬಸುರಿ. ಹೆರಿಗೆಗೆ ಇನ್ನು ಆರು ವಾರ. ಅಷ್ಟರಲ್ಲಿ ಗುಣವಾಗಿ, ಮೊಮ್ಮಗುವನ್ನು ಎತ್ತಿಕೊಳ್ಳಬೇಕು ಎಂಬುದೊಂದೇ ಅವರ ಆಸೆ.

ಬುಧವಾರ ಮಾವನ ಗಂಟಲಲ್ಲಿ ಕೆರೆತ. ನಾಲ್ಕು ಸೀನು.

“ಹಿಟ್ಟಿನ ಧೂಳು,” ಎಂದರು.

“ಮೂವತ್ತು ವರ್ಷದಿಂದ ಇಲ್ಲದ ಧೂಳು ಈಗ ಎಲ್ಲಿಂದ ಬಂತು?” ಎಂದರು ಅತ್ತೆ.

ಗುರುವಾರ ಅರಿವಳಿಕೆ ಡಾಕ್ಟರ ಮುಂದೆ ಕೂರಬೇಕಿತ್ತು. ಆಪರೇಷನ್ ಹೊತ್ತಿನಲ್ಲಿ ನೋವು ತಿಳಿಯದಂತೆ ಮಲಗಿಸಿ, ಮತ್ತೆ ಕಣ್ಣು ಬಿಡುವವರೆಗೂ ತಲೆಯ ಹತ್ತಿರ ನಿಂತು ಉಸಿರು ಕಾಯುವ ಡಾಕ್ಟರು ಅವರು. ಗಾಜಿನ ಪರದೆಯ ಆಚೆಯಿಂದ ಒಂದೊಂದಾಗಿ ಕೇಳಿದರು.

“ಜ್ವರ?”

“ಇಲ್ಲ.”

“ಕೆಮ್ಮು, ಶೀತ, ಗಂಟಲು ನೋವು?”

“ಇಲ್ಲ ಮೇಡಂ.”

“ವಾಸನೆ, ರುಚಿ ಗೊತ್ತಾಗುತ್ತಾ?”

“ನನ್ನ ಮೂಗಿನ ವಿಷಯ ಕೇಳ್ತೀರಾ? ಬೀದೀಲಿ ಯಾರನ್ನಾದ್ರೂ ಕೇಳಿ!”

ಡಾಕ್ಟರು ನಕ್ಕು ಬರೆದುಕೊಂಡರು. ಪಕ್ಕದಲ್ಲಿದ್ದ ಅತ್ತೆಯ ಬಾಯಿ ತೆರೆಯಿತು. ಮೇಜಿನ ಕೆಳಗೆ ಮಾವನ ಚಪ್ಪಲಿ ಅವರ ಕಾಲನ್ನು ಮೆಲ್ಲಗೆ ಒತ್ತಿತು. ಬಾಯಿ ಮುಚ್ಚಿತು.

ಹೊರಗೆ ಬಂದ ಮೇಲೆ ಅತ್ತೆ ಸುಮ್ಮನಿರಲಿಲ್ಲ. “ಡಾಕ್ಟ್ರ ಹತ್ರ ಸುಳ್ಳು ಹೇಳ್ತಾರೇನ್ರೀ?”

“ಲೇ, ನಿಜ ಹೇಳಿದ್ರೆ ತಾರೀಖು ಹೋಗುತ್ತೆ. ಏನಿದೆ ಅದ್ರಲ್ಲಿ? ಒಂದು ಸೂಜಿ ಚುಚ್ತಾರೆ, ನಿದ್ದೆ ಮಾಡ್ತೀನಿ, ಎದ್ದು ಬರ್ತೀನಿ. ನಿದ್ದೆ ಮಾಡೋಕೆ ಗಂಟಲು ಯಾಕೆ ಬೇಕು?”

ಶನಿವಾರ ಆಸ್ಪತ್ರೆಯಲ್ಲಿ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ನೆಗೆಟಿವ್ ಬಂತು. ಮಾವನ ಎದೆಯ ಮೇಲಿನ ಹಿಟ್ಟಿನ ಮೂಟೆ ಇಳಿದಂತಾಯಿತು. “ನೋಡು! ಆಸ್ಪತ್ರೆಯವರೇ ಹೇಳಿದ್ರು,” ಎಂದು ಕಾಗದವನ್ನು ಬಾವುಟದ ಹಾಗೆ ಆಡಿಸಿದರು.

ಭಾನುವಾರ ಬೆಳಿಗ್ಗೆ ಒಲೆ ಉರಿಯುತ್ತಿತ್ತು. ಮಾವ ಬನ್ನುಗಳ ಮೇಲೆ ಹಾಲು ಸವರುತ್ತ ಹಾಡು ಗುನುಗುತ್ತಿದ್ದರು. ಬೀದಿಯ ಕಡೆಯಿಂದ ಯಾರೋ ಓಡಿ ಬಂದ ಸದ್ದು.

“ಮಾವ! ಒಲೆ! ಒಲೆ!”

ತಿರುಗಿ ನೋಡಿದರೆ ಒಲೆಯ ಬಾಯಿಂದ ಕಪ್ಪು ಹೊಗೆ. ಹಲಗೆ ತೂರಿಸಿ ಎಳೆದರು. ನಲವತ್ತು ಬ್ರೆಡ್ಡು, ನಲವತ್ತೂ ಇದ್ದಿಲು.

ಕೂಗಿದವಳು ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ನರ್ಸ್, ಇದೇ ಬೀದಿಯ ಹುಡುಗಿ. ಪಾಳಿಗೆ ಹೋಗುವ ಮೊದಲು ದಿನಾ ಇಲ್ಲಿ ಬ್ರೆಡ್ ಕೊಳ್ಳುವಳು. ಅವಳ ಮೂಗಿನ ಮೇಲೆ ಮಾಸ್ಕಿನ ಗೆರೆ ಬಿದ್ದು ಬಿದ್ದು ಕಂದಿತ್ತು. ಅದನ್ನು ನೋಡಲಾಗದೆ ಮಾವ ದಿನಾ ಒಂದು ಬನ್ ಹೆಚ್ಚಿಗೆ ಹಾಕಿಕೊಡುತ್ತಿದ್ದರು. ಅದಕ್ಕೇ ಬೀದಿ ಅವಳಿಗೆ ಬನ್ನಕ್ಕ ಎಂದು ಹೆಸರಿಟ್ಟಿತ್ತು.

ಬನ್ನಕ್ಕ ಸುಣ್ಣದ ವೃತ್ತದೊಳಗೆ ನಿಂತು ಹೊಗೆಯನ್ನೂ ಮಾವನನ್ನೂ ನೋಡಿದಳು.

“ಮಾವ, ನಂಗೆ ತಿರುವಿನಲ್ಲೇ ಸೀದ ವಾಸನೆ ಬಂತು. ಮಾಸ್ಕ್ ಹಾಕ್ಕೊಂಡಿದ್ದೀನಿ, ಆದ್ರೂ ಬಂತು. ನಿಮಗೆ ಬರ್ಲಿಲ್ವಾ?”

“ನಂಗೆ ಶೀತ ಇಲ್ಲಮ್ಮ!”

ಬನ್ನಕ್ಕ ಹುಬ್ಬೇರಿಸಿದಳು. “ನಾನು ಶೀತದ ಮಾತೇ ಎತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಿ?”

ಅತ್ತೆ ಒಳಗೆ ಹೋಗಿ ಬಂದರು. ಕೈಯಲ್ಲಿ ಏನೋ ಇತ್ತು. ಗಂಡನ ಕಣ್ಣು ಮುಚ್ಚಿ, ಅದನ್ನು ಮೂಗಿನ ಕೆಳಗೆ ಹಿಡಿದರು. “ಏನಿದು, ಹೇಳಿ.”

ಮಾವ ಜೋರಾಗಿ ಉಸಿರೆಳೆದರು. ಮತ್ತೊಮ್ಮೆ ಎಳೆದರು. “ವೆನಿಲಾ.”

ಅತ್ತೆ ಕಣ್ಣಿನ ಮೇಲಿನ ಕೈ ತೆಗೆದರು. ಆಗತಾನೇ ಹೆಚ್ಚಿದ ಅರ್ಧ ಈರುಳ್ಳಿ. ಮಾವನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಮೂಗಿಗೆ ಮಾತ್ರ ಏನೂ ತಿಳಿದಿರಲಿಲ್ಲ. ಅತ್ತೆಗೆ ನಗು ಬಂತು. ನಗು ಅರ್ಧಕ್ಕೇ ನಿಂತುಹೋಯಿತು.

“ಬುಧವಾರದಿಂದ ಗಂಟಲು ಕೆರೆತ ಇದೆ ಇವರಿಗೆ,” ಎಂದರು. “ಡಾಕ್ಟ್ರಿಗೆ ಹೇಳ್ಲೇ ಇಲ್ಲ. ನನ್ನ ಕಾಲು ತುಳಿದ್ರು.”

“ಮಾವ, ಮೊದಲು ಮಾಸ್ಕ್ ಮೇಲಕ್ಕೆ ಎಳ್ಕೊಳ್ಳಿ. ಅತ್ತೆ, ನೀವೂ,” ಎಂದಳು ಬನ್ನಕ್ಕ. ಒಂದು ಹೆಜ್ಜೆ ಹಿಂದೆ ಸರಿದಳು. ಮಾವನಿಗೆ ಆ ಒಂದು ಹೆಜ್ಜೆ ಚುರುಕ್ಕೆಂದಿತು.

“ಪರೀಕ್ಷೆ ನೆಗೆಟಿವ್ ಬಂದಿದೆಯಲ್ಲ ಮಗಳೇ?”

“ಒಂದೊಂದ್ಸಲ ರೋಗ ಇದ್ರೂ ಪರೀಕ್ಷೇಲಿ ಸಿಗಲ್ಲ ಮಾವ. ಅದಕ್ಕೇ ಡಾಕ್ಟ್ರು ಬಾಯಿಬಿಟ್ಟು ಕೇಳೋದು. ಕಡ್ಡಿ ಹೇಳದ್ದನ್ನ ನೀವು ಹೇಳ್ಬೇಕು.”

“ಅಷ್ಟಕ್ಕೂ ಏನಾಗುತ್ತೆ? ನಿದ್ದೆ ತಾನೇ?”

“ಮನೇಲಿ ಮಾಡೋ ನಿದ್ದೆ ಅಲ್ಲ ಅದು. ಮನೇಲಿ ಮಲಗಿದ್ರೂ ನಿಮ್ಮ ಉಸಿರು ನೀವೇ ಆಡ್ತೀರಿ, ಗೊರಕೆ ಬೇರೆ ಹೊಡೀತೀರಿ, ಅತ್ತೆನೇ ಸಾಕ್ಷಿ. ಅಲ್ಲಿ ಔಷಧಿ ಕೊಟ್ಟ ಮೇಲೆ ಉಸಿರೂ ನಿಲ್ಲುತ್ತೆ. ಡಾಕ್ಟ್ರು ಗಂಟಲೊಳಗೆ ಕೊಳವೆ ಇಳಿಸಿ, ಮೆಷಿನ್ನಿಂದ ನಿಮ್ಮ ಪರವಾಗಿ ಉಸಿರಾಡಿಸ್ತಾರೆ. ಶ್ವಾಸಕೋಶ ಆಗ್ಲೇ ರೋಗದ ಜೊತೆ ಗುದ್ದಾಡ್ತಿದ್ರೆ ಅದಕ್ಕೆ ಈ ಭಾರ ತಡೆಯೋಕಾಗಲ್ಲ. ಆಪರೇಷನ್ ಚೆನ್ನಾಗೇ ಆಗಿರುತ್ತೆ, ಆಮೇಲೆ ನ್ಯುಮೋನಿಯಾ ಹಿಡಿಯುತ್ತೆ. ಕೆಲವರಿಗೆ ಆ ಮೆಷಿನ್ ಬಿಡಿಸೋಕೇ ಆಗಲ್ಲ ಮಾವ. ನಾನು ನೋಡಿದ್ದೀನಿ.”

ಒಲೆಯೊಳಗೆ ಒಂದು ಸೌದೆ ಕುಸಿದು ಬಿತ್ತು.

ಪಕ್ಕದ ಮರಿಗೆಯಲ್ಲಿ ಒದ್ದೆ ಬಟ್ಟೆಯ ಕೆಳಗೆ ಹಿಟ್ಟು ಉಬ್ಬಲು ಇಟ್ಟಿತ್ತು. ಬನ್ನಕ್ಕ ಅತ್ತ ಕೈ ತೋರಿಸಿದಳು. “ಅದನ್ನ ಈಗಲೇ ಒಲೆಗೆ ಹಾಕಿ. ನಂಗೆ ಪಾಳಿಗೆ ಹೊತ್ತಾಯ್ತು.”

“ಹುಚ್ಚಿ, ಇನ್ನೂ ಉಬ್ಬಿಲ್ಲ ಅದು. ಈಗ ಹಾಕಿದ್ರೆ ಕಲ್ಲಾಗುತ್ತೆ.”

“ಗಿರಾಕಿ ಅವಸರ ಮಾಡಿದ್ರೆ?”

“ಯಾರೇ ಅವಸರ ಮಾಡ್ಲಿ, ಹಿಟ್ಟು ಕೇಳ್ಬೇಕಲ್ಲ!” ಎಂದವರು ಅಲ್ಲಿಗೇ ನಿಂತರು. ತಮ್ಮ ಮಾತು ತಮಗೇ ತಿರುಗಿ ಬಂದಿತ್ತು. ಎದೆಯ ಮೇಲೆ ಕೈ ಹೋಯಿತು.

ಸಣ್ಣ ದನಿಯಲ್ಲಿ ಕೇಳಿದರು. “ಆ ಕೊಳವೆ ಇಳಿಸೋವಾಗ ಪಕ್ಕದಲ್ಲಿ ಯಾರಿರ್ತಾರೆ?”

“ಡಾಕ್ಟ್ರು ಇರ್ತಾರೆ. ನಿಮ್ಮ ಬಾಯಿಗೂ ಅವರ ಮುಖಕ್ಕೂ ಒಂದು ಗೇಣು. ಆ ಹೊತ್ತಿನಲ್ಲಿ ಉಸಿರಿನ ಹನಿ ರೂಮೆಲ್ಲ ಹಾರುತ್ತೆ.”

“ಇನ್ಯಾರು?”

ಬನ್ನಕ್ಕ ಬ್ರೆಡ್ಡಿನ ಚೀಲವನ್ನು ಮಡಿಸಿದಳು, ಬಿಚ್ಚಿದಳು. “ನಾಳೆ ಅಲ್ಲಿ ನನ್ನ ಪಾಳಿ ಮಾವ. ಕೊಳವೆ ಎತ್ತಿ ಕೊಡೋಳು ನಾನೇ.”

ಈಗ ಮಾವನ ಕಣ್ಣಲ್ಲಿದ್ದದ್ದು ಈರುಳ್ಳಿಯ ನೀರಲ್ಲ. “ನಿನ್ನ ಮನೇಲಿ ಅಮ್ಮ ಇದ್ದಾರೆ,” ಎಂದರು.

“ಹೂಂ. ನಿಮ್ಮ ಮನೆಗೆ ಪಾಪು ಬರುತ್ತೆ. ನನ್ನ ಮನೇಲಿ ಅಮ್ಮ ಇದ್ದಾರೆ.”

“ಮಗು ಬರೋ ಹೊತ್ತಿಗೆ ಗಟ್ಟಿಯಾಗಿರ್ಬೇಕು ಅಂತ ತಾನೇ ನಾನು ಹೀಗೆಲ್ಲ...”

ಅತ್ತೆ ಗಂಡನ ತೋಳು ಹಿಡಿದರು. “ರೀ, ಕಲ್ಲು ಇರೋ ತಾತ ಆದ್ರೂ ಮಗುಗೆ ಸಾಕು. ಉಸಿರಿಲ್ಲದ ತಾತನ್ನ ತಗೊಂಡು ಅದೇನು ಮಾಡುತ್ತೆ?”

ಮಾವ ಆಸ್ಪತ್ರೆಯ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಅರಿವಳಿಕೆ ಡಾಕ್ಟರೇ ಎತ್ತಿಕೊಂಡರು. “ಮೇಡಂ, ಗುರುವಾರ ನಾನು ಸುಳ್ಳು ಹೇಳಿದೆ,” ಎಂದು ಶುರುಮಾಡಿ, ಕೆರೆತ, ಸೀನು, ವೆನಿಲಾ, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದರು. ಬೈಗುಳಕ್ಕೆ ತಲೆ ತಗ್ಗಿಸಿ ಕಾದರು.

“ಯಜಮಾನ್ರೇ, ಇವತ್ತು ಹೇಳಿದ್ರಲ್ಲ, ಅಷ್ಟು ಸಾಕು,” ಎಂದಿತು ಆ ಕಡೆಯ ದನಿ. “ಅಂಗಡಿ ಮುಚ್ಚಿ, ಬೇರೆ ರೂಮಲ್ಲಿರಿ. ಇನ್ನೊಮ್ಮೆ ಪರೀಕ್ಷೆ ಮಾಡೋಣ, ಮನೆಯವರಿಗೂ. ರೋಗ ಇದ್ರೆ ಸುಮಾರು ಏಳು ವಾರ ಕಾಯೋಣ. ಅಲ್ಲೀವರೆಗೆ ಎಣ್ಣೆ ಬೆಣ್ಣೆ ಬೇಡ. ಹೊಟ್ಟೆನೋವು ನಿಲ್ಲದೇ ಇದ್ರೆ, ಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ, ಉಸಿರು ಕಟ್ಟಿದ್ರೆ ಮಾತ್ರ ಒಂದು ನಿಮಿಷನೂ ಕಾಯ್ಬೇಡಿ, ಬಂದ್ಬಿಡಿ. ಅಂಥ ಹೊತ್ತಿನಲ್ಲಿ ರೋಗ ಇದ್ರೂ ಆಪರೇಷನ್ ಮಾಡ್ತೀವಿ. ಮೊದಲೇ ಗೊತ್ತಿದ್ರೆ ಅದಕ್ಕೆ ತಕ್ಕ ಹಾಗೆ ಸಿದ್ಧ ಆಗ್ತೀವಿ, ಅಷ್ಟೇ.”

ಎರಡನೆಯ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು.

ಒಲೆ ತಣ್ಣಗಾಯಿತು. ಮಾವ ಹಿಂದಿನ ಕೋಣೆಯಲ್ಲಿ ಮಲಗಿ ಮೂರು ದಿನ ಜ್ವರದಲ್ಲಿ ಬೆಂದರು. ಅತ್ತೆಗೂ ಎರಡು ದಿನ ಮೈಕೈ ನೋವು. ಮಗಳು ಹಿಂದಿನ ಓಣಿಯಲ್ಲಿ ದೂರ ನಿಂತು ಕಿಟಕಿಯ ಕಡೆ ಕೈಬೀಸಿ ಹೋಗುವಳು. ಬನ್ನಕ್ಕ ಹಾಲು ತರಕಾರಿ ತಂದು ಬಾಗಿಲಲ್ಲಿಟ್ಟು, “ಇವತ್ತು ಮೂಗಿನ ಸಮಾಚಾರ ಏನು ಮಾವ?” ಎಂದು ಕೂಗುವಳು. “ಊರಿಗೆ ಹೋಗಿದೆ, ಇನ್ನೂ ಬಂದಿಲ್ಲ!” ಎಂದು ಒಳಗಿಂದ ಉತ್ತರ.

ಜ್ವರ ಬಿಟ್ಟಿತು. ಇನ್ನು ಹೊರಗೆ ಬರಬಹುದು ಎಂದು ಡಾಕ್ಟರು ಹೇಳಿದ ಮೇಲೆ ಒಲೆ ಮತ್ತೆ ಹೊತ್ತಿತು. ಮೂಗು ಇನ್ನೂ ಬಂದಿರಲಿಲ್ಲವಾದ್ದರಿಂದ ಅತ್ತೆ ಒಲೆಯ ಪಕ್ಕ ಗಡಿಯಾರ ಇಟ್ಟುಕೊಂಡು ಕುಳಿತರು. ಮಾವನಿಗೆ ಅದೊಂದು ಅವಮಾನ. ಸಹಿಸಿಕೊಂಡರು.

ಆರನೆಯ ವಾರದಲ್ಲಿ ಮಗಳಿಗೆ ಹೆರಿಗೆಯಾಯಿತು. ಮಾಸ್ಕ್ ಹಾಕಿ, ಕೈ ತೊಳೆದು ತೊಳೆದು ಕೆಂಪಾಗಿಸಿಕೊಂಡು ಮಾವ ಮಗುವನ್ನು ಎತ್ತಿಕೊಂಡರು. ಮೆತ್ತಗೆ, ಬೆಚ್ಚಗೆ, ಆಗತಾನೇ ಉಬ್ಬಿದ ಹಿಟ್ಟಿನ ಹಾಗೆ. ಥಟ್ಟನೆ ನಿಂತರು. ಮಾಸ್ಕಿನ ಹಿಂದೆ ಮೂಗು ಅರಳಿತು.

“ಬಂತು,” ಎಂದರು ಮೆಲ್ಲಗೆ. “ಹಾಲಿನ ವಾಸನೆ.”

ಅತ್ತೆ ಮುಖ ಆಚೆ ತಿರುಗಿಸಿಕೊಂಡರು.

ಎಂಟನೆಯ ವಾರ ಆಪರೇಷನ್. ಹೊಸದಾಗಿ ಪರೀಕ್ಷೆ, ಹೊಸದಾಗಿ ಪ್ರಶ್ನೆಗಳು. ಈ ಸಲ ಮಾವ ಅತ್ತೆಯ ಕಾಲು ತುಳಿಯಲಿಲ್ಲ. ಜ್ವರ ಬಂದ ದಿನ, ಬಿಟ್ಟ ದಿನ, ಮೆಟ್ಟಿಲು ಹತ್ತಿದರೆ ಇನ್ನೂ ಸ್ವಲ್ಪ ಬರುವ ಏದುಸಿರು, ಎಲ್ಲ ಹೇಳಿದರು. ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿ, ಸರಿಯಿದೆ ಎಂದರು.

ಥಿಯೇಟರಿನಲ್ಲಿ ತಣ್ಣನೆಯ ಬೆಳಕು. ತಲೆಯಿಂದ ಕಾಲಿನವರೆಗೆ ನೀಲಿ ಉಡುಪು, ಕನ್ನಡಕ, ಅದರ ಮೇಲೆ ಪಾರದರ್ಶಕ ಪರದೆ ತೊಟ್ಟ ನಾಲ್ಕು ಜನ. ಚಂದ್ರನ ಮೇಲೆ ಇಳಿಯಲು ಹೊರಟವರ ಹಾಗಿದ್ದರು. ಯಾರದೂ ಮುಖ ಕಾಣದೆ ಮಾವನಿಗೆ ಅಳುಕಾಯಿತು. ಆಗ ಒಬ್ಬರ ಎದೆಯ ಮೇಲೆ ಪೆನ್ನಿನಲ್ಲಿ ಬಿಡಿಸಿದ ಒಂದು ಚಿತ್ರ ಕಂಡಿತು. ದುಂಡನೆಯ ಬನ್ನು, ಮೇಲೆ ಮೂರು ಗೆರೆ ಹೊಗೆ.

“ನೀನಾ ಮಗಳೇ?”

“ನಾನೇ ಮಾವ.” ಕೈಗವಸಿನ ಕೈ ಅವರ ಹೆಗಲ ಮೇಲೆ ಬಂತು.

“ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ, ಕುಡಿದ್ರಾ?” ಎಂದು ಡಾಕ್ಟರು ಕೇಳಿದರು.

“ಇಲ್ಲ ಮೇಡಂ. ಕನಸಲ್ಲಿ ಒಂದು ಬೆಣ್ಣೆ ಬಿಸ್ಕತ್ತು ತಿಂದೆ. ಅದನ್ನೂ ಬರ್ಕೊಳ್ಳಿ.”

ಪರದೆಗಳ ಹಿಂದೆ ನಾಲ್ಕೂ ಜನ ನಕ್ಕರು. ಡಾಕ್ಟರು ಮುಖದ ಮೇಲೆ ಆಮ್ಲಜನಕದ ಮುಸುಕನ್ನು ಬಿಗಿಯಾಗಿ ಒತ್ತಿ ಹಿಡಿದರು. “ಈಗ ಮಾತು ಸಾಕು. ನಿಧಾನವಾಗಿ, ಆಳವಾಗಿ ಉಸಿರಾಡಿ. ಇನ್ಮೇಲೆ ನಿಮ್ಮ ಉಸಿರು ನಮ್ಮ ಜವಾಬ್ದಾರಿ.”

ಮಾವ ಉಸಿರೆಳೆದರು. ಮುಸುಕಿನ ರಬ್ಬರಿನ ವಾಸನೆ ಸ್ಪಷ್ಟವಾಗಿ ಬಂತು. ಅವರು ಜನ್ಮದಲ್ಲಿ ಮೂಸಿದ ಕೆಟ್ಟ ವಾಸನೆಗಳಲ್ಲಿ ಅದೂ ಒಂದು. ಎಷ್ಟು ಚೆನ್ನಾಗಿದೆ ಎಂದುಕೊಳ್ಳುತ್ತ ಕಣ್ಣು ಮುಚ್ಚಿದರು.

ಅವರು ಕಣ್ಣು ಬಿಟ್ಟಾಗ ಕಲ್ಲು ಹೋಗಿತ್ತು, ಉಸಿರು ಇತ್ತು. ಮರುವಾರ ಬನ್ನಕ್ಕನೂ ಎಂದಿನಂತೆ ಬ್ರೆಡ್ ಕೊಳ್ಳಲು ಬಂದಳು. ಅವಳ ಚೀಲಕ್ಕೆ ಅಂದು ಹೆಚ್ಚಿಗೆ ಬಿದ್ದದ್ದು ಎರಡು ಬನ್ನು, ಒಂದು ಅವಳ ಅಮ್ಮನಿಗೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಆಪರೇಷನ್ ತಾರೀಖು ಗೊತ್ತಾಗಿರಬಹುದು. ಬಹಳ ದಿನ ಕಾದು ಸಿಕ್ಕ ತಾರೀಖು ಇರಬಹುದು. ಆದರೂ ಅರಿವಳಿಕೆ ಡಾಕ್ಟರು ಕೇಳಿದಾಗ ಒಂದು ಸೀನನ್ನೂ ಮುಚ್ಚಿಡಬೇಡಿ. ಜ್ವರ, ಕೆಮ್ಮು, ಗಂಟಲು ಕೆರೆತ, ವಾಸನೆ ಹೋದದ್ದು, ಮನೆಯಲ್ಲಿ ಬೇರೆಯವರಿಗೆ ಕಾಯಿಲೆಯಾದದ್ದು, ತಿಂದದ್ದು, ಕುಡಿದದ್ದು, ನುಂಗುವ ಮಾತ್ರೆ, ಎಲ್ಲ ಹೇಳಿ. ಪರೀಕ್ಷೆ ನೆಗೆಟಿವ್ ಬಂದಿದ್ದರೂ ಹೇಳಿ. ಹೇಳಿ ಬಂದ ಮೇಲೆ ಏನಾದರೂ ಶುರುವಾದರೆ ಫೋನ್ ಮಾಡಿ ಹೇಳಿ. ಎಷ್ಟು ದಿನ ಕಾಯಬೇಕು, ಯಾವಾಗ ಕಾಯಬಾರದು ಎಂದು ಅವರನ್ನೇ ಕೇಳಿ. ನೀವು ಮಲಗಿರುವಾಗ ನಿಮ್ಮ ಉಸಿರನ್ನು ಇನ್ನೊಬ್ಬರು ಅಂಗೈಯಲ್ಲಿ ಹಿಡಿದು ಕಾಯುತ್ತಾರೆ. ಅವರೂ ಸಂಜೆ ತಮ್ಮ ಮನೆಗೆ ಹೋಗಬೇಕು. ಮಲಗುವ ಮೊದಲು ಅವರ ಕೈಗೆ ನಿಜವನ್ನು ಕೊಟ್ಟು ಮಲಗಿ.